ದೀಪದ ಬುಡದ ಚರಂಡಿ: ನೈಟಿಂಗೇಲ್ ಎಣಿಸಿದ ಸಾವುಗಳು

ಮೇ 12 ಬಂತೆಂದರೆ ಆಸ್ಪತ್ರೆಗಳಲ್ಲಿ ದಾದಿಯರ ದಿನಾಚರಣೆ. ಫ್ಲಾರೆನ್ಸ್ ನೈಟಿಂಗೇಲ್ ಫೋಟೊಗೆ ಹಾರ, ಸಾಲಾಗಿ ನಿಂತ ನರ್ಸಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಮೊಂಬತ್ತಿ, ಮುಖ್ಯ ಅತಿಥಿಗಳ ಬಾಯಲ್ಲಿ ತ್ಯಾಗ, ಮಮತೆ, ತಾಯ್ತನ. ಭಾಷಣ ಮುಗಿದ ಮೇಲೆ ನರ್ಸುಗಳು ವಾರ್ಡಿಗೆ ವಾಪಸ್ ಹೋಗುತ್ತಾರೆ. ಅವರಲ್ಲಿ ಎಷ್ಟು ಮಂದಿ ಗುತ್ತಿಗೆಯಲ್ಲಿದ್ದಾರೆ? ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರ ಪಾಲಿಗೆ ಎಷ್ಟು ರೋಗಿಗಳು ಬರುತ್ತಾರೆ? ಕಳೆದ ತಿಂಗಳು ಐಸಿಯುನಲ್ಲಿ ಆಸ್ಪತ್ರೆಯಿಂದಲೇ ಸೋಂಕು ತಗುಲಿ ಸತ್ತವರೆಷ್ಟು? ವೇದಿಕೆಯ ಮೇಲೆ ಯಾರೂ ಇದನ್ನು ಕೇಳುವುದಿಲ್ಲ.

ಹಾರ ಹಾಕಿಸಿಕೊಂಡ ಆ ಫೋಟೊದಲ್ಲಿರುವಾಕೆ ಇದ್ದಿದ್ದರೆ ಮೊದಲು ಕೇಳುತ್ತಿದ್ದದ್ದೇ ಅದು.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ನೈಟಿಂಗೇಲ್ ಸರಿಯಾಗಿ ಪರಿಚಯವಾದದ್ದು ಶಾಲೆಯ ಪಾಠದಿಂದಲ್ಲ, ಒಂದು ನಕ್ಷೆಯಿಂದ. 1858ರಲ್ಲಿ ಆಕೆ ಮುದ್ರಿಸಿದ ಆ ನಕ್ಷೆಯಲ್ಲಿ ವರ್ಷದ ಹನ್ನೆರಡು ತಿಂಗಳುಗಳು ಹೂವಿನ ದಳಗಳಂತೆ ಸುತ್ತ ಹರಡಿಕೊಂಡಿವೆ. ಒಂದು ತಿಂಗಳಲ್ಲಿ ಹೆಚ್ಚು ಸೈನಿಕರು ಸತ್ತಿದ್ದರೆ ಆ ದಳ ಅಷ್ಟು ದೊಡ್ಡದು. ಕೆಂಪು ಬಣ್ಣ ಯುದ್ಧದ ಗಾಯಗಳಿಂದಾದ ಸಾವಿಗೆ, ನೀಲಿ ತಡೆಯಬಹುದಾಗಿದ್ದ ಕಾಯಿಲೆಗಳ ಸಾವಿಗೆ, ಕಪ್ಪು ಉಳಿದದ್ದಕ್ಕೆ. ಯುದ್ಧದ ನಕ್ಷೆ ಅಂದಮೇಲೆ ಕಣ್ಣಿಗೆ ಕೆಂಪು ರಾಚಬೇಕಲ್ಲವೇ? ಇಲ್ಲಿ ಕೆಂಪನ್ನು ಹುಡುಕಿ ನೋಡಬೇಕು. ಎಲ್ಲ ಕಡೆ ನೀಲಿಯೇ.

ಐಸಿಯು, ಅಂದರೆ ತೀವ್ರ ನಿಗಾ ಘಟಕದ ಚರಿತ್ರೆ ಬರೆಯುವ ವೈದ್ಯರು ಬಹುಮಟ್ಟಿಗೆ ನೈಟಿಂಗೇಲ್ ಹೆಸರಿನಿಂದಲೇ ಶುರುಮಾಡುತ್ತಾರೆ. ಆಪರೇಷನ್ ಆದವರನ್ನು ಚೇತರಿಸಿಕೊಳ್ಳುವ ತನಕ ಪಕ್ಕದ ಸಣ್ಣ ಕೋಣೆಯಲ್ಲಿ ಇರಿಸಿಕೊಳ್ಳುವ ಪದ್ಧತಿಯನ್ನು ಆಕೆ 1863ರಲ್ಲೇ ಆಸ್ಪತ್ರೆಗಳ ಕುರಿತ ತನ್ನ ಪುಸ್ತಕದಲ್ಲಿ ದಾಖಲಿಸಿದ್ದರು. ಇಂದಿನ ರೂಪದ ಐಸಿಯು ಬಂದದ್ದು ಸುಮಾರು 90 ವರ್ಷಗಳ ನಂತರ, ಕೋಪನ್‌ಹೇಗನ್ ನಗರದ ಪೋಲಿಯೊ ಪಿಡುಗಿನ ಕಾಲದಲ್ಲಿ. ಆದರೆ ಐಸಿಯುಗೆ ಆಕೆ ಕೊಟ್ಟ ದೊಡ್ಡ ಪಾಠ ಆ ಸಣ್ಣ ಕೋಣೆಯಲ್ಲ. ಜೀವ ಉಳಿಸಲು ಕಟ್ಟಿದ ಆಸ್ಪತ್ರೆಯೇ ಜೀವ ತೆಗೆಯಬಹುದು, ಎಣಿಸದೇ ಇದ್ದರೆ ಅದು ಯಾರಿಗೂ ಗೊತ್ತೇ ಆಗುವುದಿಲ್ಲ ಅನ್ನುವುದು ಆ ಪಾಠ. ಅದನ್ನು ಕಲಿಯಲು ಆಕೆ ತೆತ್ತ ಬೆಲೆಯೂ ದೊಡ್ಡದೇ.

ಬೇಡ ಅಂದ ಮನೆ

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ಇಂಗ್ಲೆಂಡಿನ ಶ್ರೀಮಂತ ಕುಟುಂಬ. ಎರಡು ದೊಡ್ಡ ಬಂಗಲೆ, ಆಳುಕಾಳು, ಲಂಡನ್ನಿನ ಗಣ್ಯರ ಒಡನಾಟ. ಅಪ್ಪ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಚರಿತ್ರೆ, ತತ್ವಶಾಸ್ತ್ರ ಹೇಳಿಕೊಟ್ಟರು. ಫ್ಲಾರೆನ್ಸ್‌ಗೆ ಗಣಿತದ ಹುಚ್ಚು. ಹದಿನಾರು ದಾಟಿದಾಗಲೇ ದೇವರು ತನ್ನನ್ನು ಸೇವೆಗೆ ಕರೆದಿದ್ದಾನೆ ಎಂದು ಆಕೆಗೆ ಅನ್ನಿಸಿತ್ತು. ಮುಂದೆ ದಾದಿಯಾಗುತ್ತೇನೆ ಅಂದಾಗ ಮನೆಯವರು ಹೌಹಾರಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಆರೈಕೆ ಅಂದರೆ ಗತಿಯಿಲ್ಲದ ಹೆಂಗಸರು ಮಾಡುವ, ಮರ್ಯಾದೆಯಿಲ್ಲದ ಕೆಲಸ. ಒಳ್ಳೆಯ ಮನೆಯ ಹುಡುಗಿ ಮದುವೆಯಾಗಬೇಕು, ಅಷ್ಟೇ.

ಆಕೆ ಮದುವೆ ಆಗಲಿಲ್ಲ. ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಸರ್ಕಾರಿ ಆರೋಗ್ಯ ವರದಿಗಳನ್ನು, ಆಸ್ಪತ್ರೆಗಳ ಅಂಕಿಅಂಶಗಳನ್ನು ಗುಟ್ಟಾಗಿ ಓದಿಕೊಂಡರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ಗೆ ಹೋಗಿ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಒಂದು ಸಣ್ಣ ಮಹಿಳಾ ಆಸ್ಪತ್ರೆಯ ಉಸ್ತುವಾರಿ ಸಿಕ್ಕಿತು. ಆಗ ವಯಸ್ಸು 33.

ಸ್ಕುಟಾರಿಯ ಚಳಿಗಾಲ

ಮರುವರ್ಷ ಬ್ರಿಟನ್ ಮತ್ತು ಫ್ರಾನ್ಸ್, ಟರ್ಕಿಯ ಪರವಾಗಿ ರಷ್ಯಾ ವಿರುದ್ಧ ಕ್ರಿಮಿಯಾ ಯುದ್ಧಕ್ಕೆ ಇಳಿದವು. ಯುದ್ಧಭೂಮಿಯಿಂದ ಗಾಯಾಳುಗಳ ದುರವಸ್ಥೆಯ ವರದಿಗಳು ಟೈಮ್ಸ್ ಪತ್ರಿಕೆಯಲ್ಲಿ ಬರತೊಡಗಿದಾಗ ಲಂಡನ್ನಿನಲ್ಲಿ ಗದ್ದಲವೆದ್ದಿತು. ಸರ್ಕಾರದ ಮಾನ ಉಳಿಸಬೇಕಿತ್ತು. ಯುದ್ಧ ಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ತನ್ನ ಸ್ನೇಹಿತೆ ನೈಟಿಂಗೇಲರನ್ನು ಕೇಳಿಕೊಂಡರು. 38 ದಾದಿಯರ ತಂಡ ಕಟ್ಟಿಕೊಂಡು ಆಕೆ 1854ರ ನವೆಂಬರ್ 4ರಂದು ಸ್ಕುಟಾರಿ ತಲುಪಿದರು. ಇಂದಿನ ಇಸ್ತಾಂಬುಲ್‌ನ ಉಸ್ಕುದಾರ್ ಅದು. ಟರ್ಕಿ ಸೇನೆಯ ದೈತ್ಯ ಬ್ಯಾರಕ್ ಒಂದನ್ನು ಬ್ರಿಟಿಷರು ಆಸ್ಪತ್ರೆ ಮಾಡಿಕೊಂಡಿದ್ದರು. ಯುದ್ಧಭೂಮಿ ಇದ್ದದ್ದು ಕಪ್ಪು ಸಮುದ್ರದ ಆಚೆ. ರೋಗಿಗಳು ಹಡಗಿನಲ್ಲಿ ದಿನಗಟ್ಟಲೆ ನರಳುತ್ತ ಬರಬೇಕಿತ್ತು.

ಮೊದಮೊದಲು ಸೇನಾ ವೈದ್ಯರು ಈ ಹೆಂಗಸರನ್ನು ವಾರ್ಡಿನೊಳಗೆ ಬಿಟ್ಟುಕೊಳ್ಳಲಿಲ್ಲ. ಇಂಕರ್‌ಮನ್ ಕದನದ ಗಾಯಾಳುಗಳು ರಾಶಿರಾಶಿ ಬಂದಮೇಲೆ ಬೇರೆ ದಾರಿ ಇರಲಿಲ್ಲ. ನೈಟಿಂಗೇಲ್ ಅಂಗಿ, ಸೋಪು, ಬ್ರಷ್ಷು, ತಟ್ಟೆ, ಲೋಟ ಎಲ್ಲ ತರಿಸಿದರು. ಟೈಮ್ಸ್ ಓದುಗರು ಕೊಟ್ಟ ನಿಧಿಯೂ ಇದಕ್ಕೆ ಒದಗಿತು. ಬಟ್ಟೆ ಒಗೆಯುವ, ಅಡುಗೆ ಮಾಡುವ ವ್ಯವಸ್ಥೆ ಆಯಿತು. ರಾತ್ರಿ ಮಡಚುವ ಟರ್ಕಿ ಲಾಟೀನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದರು. ಪತ್ರಿಕೆಗಳು ಆ ಚಿತ್ರವನ್ನು ಮನೆಮನೆಗೆ ಮುಟ್ಟಿಸಿದವು. ದೀಪದ ಮಹಿಳೆ ಹುಟ್ಟಿದ್ದು ಹೀಗೆ.

ಆದರೆ ಸಾವು ನಿಲ್ಲಲಿಲ್ಲ. 1855ರ ಜನವರಿ ಒಂದೇ ತಿಂಗಳಲ್ಲಿ, ಆಕೆಯೇ ಮುಂದೆ ಪ್ರಕಟಿಸಿದ ಲೆಕ್ಕದಂತೆ, ಆ ಸೇನೆಯಲ್ಲಿ ಗಾಯಗಳಿಂದ ಸತ್ತವರು 83. ಕಾಲರಾ, ಆಮಶಂಕೆ, ಜ್ವರದಂಥ ಕಾಯಿಲೆಗಳಿಂದ ಸತ್ತವರು 2,761. ಫೆಬ್ರುವರಿಯಲ್ಲಿ ಸ್ಕುಟಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ 42 ಮಂದಿ ಸಾಯುತ್ತಿದ್ದರು. ನರ್ಸುಗಳಿದ್ದರು, ಶುಭ್ರ ಬಟ್ಟೆ ಇತ್ತು, ಬಿಸಿ ಗಂಜಿ ಇತ್ತು. ಆದರೂ ಸಾವು.

ಯಾಕೆ ಅನ್ನುವುದಕ್ಕೆ ಉತ್ತರ ನೆಲದ ಕೆಳಗಿತ್ತು. ಮಾರ್ಚ್ ತಿಂಗಳಲ್ಲಿ ಲಂಡನ್ನಿನಿಂದ ಒಂದು ನೈರ್ಮಲ್ಯ ಆಯೋಗ ಬಂತು. ಅದರಲ್ಲಿ ಜಾನ್ ಸದರ್‌ಲ್ಯಾಂಡ್ ಎಂಬ ವೈದ್ಯರಿದ್ದರು, ರಾಬರ್ಟ್ ರಾಲಿನ್ಸನ್ ಎಂಬ ಸಿವಿಲ್ ಎಂಜಿನಿಯರ್ ಇದ್ದರು. ಆ ಭವ್ಯ ಕಟ್ಟಡ ನಿಂತದ್ದು ಕಟ್ಟಿಕೊಂಡ ಚರಂಡಿಗಳ, ತುಂಬಿ ತುಳುಕುವ ಮಲದ ಗುಂಡಿಗಳ ಮೇಲೆ ಎಂಬುದನ್ನು ಅವರು ಕಂಡರು. ಶೌಚದ ಕೊಳವೆಗಳಿಂದ ದುರ್ನಾತ ವಾರ್ಡಿಗೇ ನುಗ್ಗುತ್ತಿತ್ತು. ಸುತ್ತಮುತ್ತ ಸತ್ತ ಪ್ರಾಣಿಗಳು ಕೊಳೆಯುತ್ತಿದ್ದವು. ಆಯೋಗ ಚರಂಡಿ ತೊಳೆಸಿತು, ಹೆಣಗಳನ್ನು ಹೂಳಿಸಿತು, ಗಾಳಿ ಆಡಲು ದಾರಿ ಮಾಡಿಸಿತು, ಗೋಡೆಗಳಿಗೆ ಸುಣ್ಣ ಹೊಡೆಸಿತು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಚಳಿಗಾಲ ಕಳೆದದ್ದು, ರೋಗಿಗಳ ನೂಕುನುಗ್ಗಲು ತಗ್ಗಿದ್ದು ಕೂಡ ನೆರವಾಗಿರಬಹುದು. ಆದರೂ ದೀಪಕ್ಕೆ ಆಗದೇ ಇದ್ದದ್ದನ್ನು ಗುದ್ದಲಿ ಮಾಡಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂತೀವಲ್ಲ, ಇಲ್ಲಿ ದೀಪದ ಬುಡದಲ್ಲಿ ಇದ್ದದ್ದು ಚರಂಡಿ.

ಅದೇ ಮೇ ತಿಂಗಳಲ್ಲಿ ಕ್ರಿಮಿಯಾದ ಆಸ್ಪತ್ರೆಗಳನ್ನು ನೋಡಲು ಹೋದ ನೈಟಿಂಗೇಲ್ ಸ್ವತಃ ತೀವ್ರ ಜ್ವರದಿಂದ ಸಾವಿನಂಚಿಗೆ ಹೋಗಿ ಬಂದರು. ಅದು ಪ್ರಾಣಿಗಳಿಂದ ಹರಡುವ ಬ್ರುಸೆಲ್ಲೋಸಿಸ್ ಇದ್ದಿರಬಹುದು ಎಂದು ಇಂದಿನ ಹಲವು ವೈದ್ಯ ಸಂಶೋಧಕರು ಊಹಿಸುತ್ತಾರೆ. ಮುಂದಿನ ದಶಕಗಳ ಬಹುಪಾಲನ್ನು ಆಕೆ ಹಾಸಿಗೆ ಹಿಡಿದೇ ಕಳೆದರು. ಮಾಡಿದ ದೊಡ್ಡ ಕೆಲಸವೆಲ್ಲ ಆ ಹಾಸಿಗೆಯ ಮೇಲಿಂದಲೇ.

ಲೆಕ್ಕ ಕೊಟ್ಟ ಏಟು

1856ರಲ್ಲಿ ಊರಿಗೆ ಮರಳಿದಾಗ ಆಕೆ ದೇಶದ ಆರಾಧ್ಯದೈವ. ಅಲ್ಲಿಗೆ ನಿಲ್ಲಬಹುದಿತ್ತು. ಬದಲಿಗೆ ಆಕೆ ಲೆಕ್ಕಕ್ಕೆ ಕೂತರು. ಜೊತೆಗಿದ್ದವರು ಜನನ ಮರಣ ನೋಂದಣಿ ಕಚೇರಿಯ ಅಂಕಿಅಂಶ ತಜ್ಞ ವಿಲಿಯಂ ಫಾರ್. ಸೇನೆಯ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಎಷ್ಟು ಜನ ಸತ್ತರು ಅನ್ನುವುದಕ್ಕೇ ಒಂದೊಂದು ಕಡೆ ಒಂದೊಂದು ಸಂಖ್ಯೆ. ಎಲ್ಲವನ್ನೂ ಜರಡಿ ಹಿಡಿದಾಗ ಸಿಕ್ಕಿದ ಸತ್ಯ ಕಹಿಯಾಗಿತ್ತು. ಯುದ್ಧಭೂಮಿಯ ಹತ್ತಿರವಿದ್ದ ಆಸ್ಪತ್ರೆಗಳಿಗಿಂತ ಸ್ಕುಟಾರಿಯಲ್ಲೇ ಸಾವು ಹೆಚ್ಚು. ಅಂದರೆ ಅಲ್ಲಿಗೆ ಹಡಗು ಹತ್ತಿಸುವುದೇ ಅನೇಕರಿಗೆ ಮರಣದಂಡನೆ ಆಗಿತ್ತು.

ಅಲ್ಲಿಯ ತನಕ ಆಕೆ ಸಾವಿಗೆ ಅರೆಹೊಟ್ಟೆ, ದಣಿವು, ಸರಬರಾಜಿನ ಅವ್ಯವಸ್ಥೆಗಳನ್ನು ಕಾರಣವಾಗಿ ಕಾಣುತ್ತಿದ್ದರು. ತನ್ನ ಕಣ್ಣೆದುರಿಗೇ, ತಾನಿದ್ದ ಕಟ್ಟಡವೇ ಸಾವಿರಾರು ಹುಡುಗರನ್ನು ತಿಂದಿತ್ತು ಅನ್ನುವುದು 1857ರ ಲೆಕ್ಕದಲ್ಲಿ ಹೊರಬಂತು. ಆ ವರ್ಷ ಆಕೆಯ ಆರೋಗ್ಯ ಕುಸಿದುಬಿದ್ದದ್ದಕ್ಕೆ ಈ ಅರಿವೇ ಕಾರಣ ಎಂದು ಜೀವನಚರಿತ್ರೆಕಾರ ಹ್ಯೂ ಸ್ಮಾಲ್ ವಾದಿಸುತ್ತಾರೆ. ಬೇರೆ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಮನಸ್ಸಿನೊಳಗೆ ಏನಾಯಿತು ಅನ್ನುವುದು ಏನೇ ಇರಲಿ, ಆಕೆ ಮಾಡಿದ್ದೇನು ಅನ್ನುವುದಂತೂ ದಾಖಲೆಯಲ್ಲಿದೆ. ತನ್ನ ಕೀರ್ತಿಗೆ ಮಸಿ ಬಳಿಯಬಹುದಾಗಿದ್ದ ಸಂಖ್ಯೆಗಳನ್ನು ಆಕೆ ಮುಚ್ಚಿಡಲಿಲ್ಲ. ನಕ್ಷೆ ಮಾಡಿಸಿ, ಬಣ್ಣ ತುಂಬಿಸಿ, ಓದಲು ಪುರುಸೊತ್ತಿಲ್ಲದ ಮಂತ್ರಿಗಳ ಕಣ್ಣಿಗೆ ಹಿಡಿದರು.

ಹೆಣ್ಣಾದ ಕಾರಣ ಸೇನಾ ಆರೋಗ್ಯದ ರಾಯಲ್ ಕಮಿಷನ್‌ನಲ್ಲಿ ಕೂರಲು ಆಕೆಗೆ ಅವಕಾಶ ಇರಲಿಲ್ಲ. ಹರ್ಬರ್ಟ್ ಅಧ್ಯಕ್ಷತೆಯ ಆ ಆಯೋಗಕ್ಕೆ ಲಿಖಿತ ಸಾಕ್ಷ್ಯ ಕೊಟ್ಟರು, ತೆರೆಮರೆಯಲ್ಲಿ ಅದನ್ನು ನಡೆಸಿದರು ಅಂದರೂ ನಡೆಯುತ್ತದೆ. ಯುದ್ಧವೇ ಇಲ್ಲದ ಕಾಲದಲ್ಲೂ ಇಂಗ್ಲೆಂಡಿನ ಬ್ಯಾರಕ್‌ಗಳಲ್ಲಿ ಯುವ ಸೈನಿಕರು ಹೊರಗಿನ ಅದೇ ವಯಸ್ಸಿನವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಪ್ರಮಾಣದಲ್ಲಿ ಸಾಯುತ್ತಿದ್ದಾರೆ ಎಂದು ಅಂಕಿಯಲ್ಲಿ ತೋರಿಸಿದರು. ಬ್ಯಾರಕ್‌ಗಳ ರಿಪೇರಿ, ಸೇನಾ ವೈದ್ಯ ಶಾಲೆ, ಸೇನೆಗೊಂದು ಅಂಕಿಅಂಶ ವಿಭಾಗ ಇದರಿಂದ ಬಂದವು. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ನರ್ಸಿಂಗ್ ಶಾಲೆ ಶುರುವಾಯಿತು. ಅದೇ ವರ್ಷ ಎಲ್ಲ ಆಸ್ಪತ್ರೆಗಳೂ ರೋಗ, ಚಿಕಿತ್ಸೆ, ಸಾವುಗಳನ್ನು ಒಂದೇ ನಮೂನೆಯಲ್ಲಿ ದಾಖಲಿಸಬೇಕು ಎಂಬ ಪ್ರಸ್ತಾಪವನ್ನು ಆಕೆ ಅಂತಾರಾಷ್ಟ್ರೀಯ ಅಂಕಿಅಂಶ ಸಮ್ಮೇಳನದ ಮುಂದಿಟ್ಟರು. ಹೋಲಿಸಲು ಬಂದರೆ ತಾನೇ ಯಾವ ಆಸ್ಪತ್ರೆ ಕೊಲ್ಲುತ್ತಿದೆ ಅಂತ ಗೊತ್ತಾಗೋದು?

ಹಲಸೂರು ಕೆರೆಯ ನೀರು

1859ರ ಹೊತ್ತಿಗೆ ಆಕೆಯ ಕಣ್ಣು ಭಾರತದ ಮೇಲೆ ಬಿತ್ತು. ಇಲ್ಲಿನ ಬ್ರಿಟಿಷ್ ಸೈನಿಕರ ಆರೋಗ್ಯದ ಬಗ್ಗೆ ಇನ್ನೊಂದು ರಾಯಲ್ ಕಮಿಷನ್ ನೇಮಕವಾಯಿತು. ಆಕೆ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಮನೆಯಲ್ಲೇ ಕೂತು ಪ್ರಶ್ನಾವಳಿ ತಯಾರಿಸಿ ಇಲ್ಲಿನ ದಂಡು ಪ್ರದೇಶಗಳಿಗೆ ಕಳಿಸಿದರು. ಉತ್ತರಗಳು ರಾಶಿ ಬಿದ್ದವು. ಕುಡಿಯುವ ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟು ಎಂಬಂಥ ವಿವರಗಳ ಮೇಲೆ ಆಕೆ ಬರೆದ ಟಿಪ್ಪಣಿಯಲ್ಲಿ ನಮ್ಮ ಬೆಂಗಳೂರೂ ಇದೆ. ದಂಡಿನವರು ಕುಡಿಯುತ್ತಿದ್ದ ಹಲಸೂರು ಕೆರೆಗೆ ಬಜಾರಿನ ಚರಂಡಿ ನೀರೆಲ್ಲ ಬಂದು ಸೇರುತ್ತದೆ ಎಂಬುದು ಅಲ್ಲಿ ದಾಖಲಾಗಿದೆ. ನೂರಅರವತ್ತು ವರ್ಷ ಕಳೆದಿದೆ. ಬೆಂಗಳೂರಿನ ಕೆರೆಗಳ ಬಗ್ಗೆ ಇಂದು ಬರೆದರೂ ವಾಕ್ಯ ಹೆಚ್ಚು ಬದಲಿಸಬೇಕಾಗಿಲ್ಲ.

1863ರ ಆ ವರದಿಯ ಪ್ರಕಾರ ಭಾರತದಲ್ಲಿ ಬ್ರಿಟಿಷ್ ಸೈನಿಕರ ಸಾವು ವರ್ಷಕ್ಕೆ ಸಾವಿರಕ್ಕೆ 69. ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು ಎಂದು ಆಕೆ ಬರೆದರು. ಇಲ್ಲೊಂದು ಮಾತು ಹೇಳಲೇಬೇಕು. ಮೊದಲು ಆಕೆ ಚಿಂತಿಸಿದ್ದು ಆಳುವವರ ಸೈನಿಕರ ಬಗ್ಗೆ, ಆಳಿಸಿಕೊಂಡವರ ಬಗ್ಗೆ ಅಲ್ಲ. ಆದರೆ ಬಜಾರಿನ ಜನ ಕಾಯಿಲೆ ಬಿದ್ದರೆ ಬ್ಯಾರಕ್ ಉಳಿಯುವುದಿಲ್ಲ ಎಂಬ ಲೆಕ್ಕವೇ ಆಕೆಯನ್ನು ಹಳ್ಳಿಗಳ ಕಡೆಗೆ ಎಳೆದೊಯ್ದಿತು. ಮೈಸೂರು ಸೀಮೆಯನ್ನೂ ನುಂಗಿದ 1876-78ರ ಬರದ ಕಾಲಕ್ಕೆ ಆಕೆ ರೈತರ ಸಾಲ, ನೀರಾವರಿ, ಕಂದಾಯದ ಬಗ್ಗೆ ಬರೆಯುತ್ತಿದ್ದರು, ಸರ್ಕಾರವನ್ನು ಟೀಕಿಸುತ್ತಿದ್ದರು. ಸಾಮ್ರಾಜ್ಯವೇ ಬೇಡ ಅನ್ನುವ ಮಟ್ಟಕ್ಕೆ ಹೋಗಲಿಲ್ಲ. ಅದೇ ಕ್ರಿಮಿಯಾದಲ್ಲಿ ಸ್ವಂತ ಖರ್ಚಿನಲ್ಲಿ ಸೈನಿಕರ ಆರೈಕೆ ಮಾಡಿದ ಜಮೈಕಾದ ಮೇರಿ ಸೀಕೋಲ್ ಹೆಸರು ನೂರು ವರ್ಷ ಮರೆತುಹೋಗಿ, ನೈಟಿಂಗೇಲ್ ಹೆಸರು ಮಾತ್ರ ಪಠ್ಯಪುಸ್ತಕ ಸೇರಿದ್ದು ಕೂಡ ಇದೇ ಚರಿತ್ರೆಯ ಭಾಗ.

ಇನ್ನೊಂದು ಮಿತಿ ಅಂದರೆ, ರೋಗ ಹರಡುವುದು ಕೆಟ್ಟ ಗಾಳಿಯಿಂದ ಎಂದೇ ಆಕೆ ಬಹುಕಾಲ ನಂಬಿದ್ದರು. ರೋಗಾಣು ಸಿದ್ಧಾಂತವನ್ನು ಒಪ್ಪಿಕೊಂಡದ್ದು ತಡವಾಗಿ. ಸಿದ್ಧಾಂತ ತಪ್ಪಿದ್ದರೂ ಚರಂಡಿ, ಗಾಳಿ, ಜನಸಂದಣಿ, ಶುಚಿತ್ವದ ಬಗ್ಗೆ ಆಕೆಯ ಕ್ರಮಗಳು ಸರಿ ಇದ್ದವು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ಲಂಡನ್ನಿನ ಮನೆಯಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಸಮಾಧಿ ಗೌರವವನ್ನು ಕುಟುಂಬ ಬೇಡವೆಂದಿತು.

ಹಾಸಿಗೆ ಇದೆ, ಕೈ ಎಲ್ಲಿ?

ಈಗ ಇಂದಿನ ಐಸಿಯುಗೆ ಬರೋಣ. ಅಲ್ಲಿ ಬರುವ ಅತಿ ಕಠಿಣ ಶತ್ರು ಸೆಪ್ಸಿಸ್, ಅಂದರೆ ನಂಜು. ಸೋಂಕಿನ ವಿರುದ್ಧ ದೇಹ ಹೂಡುವ ಹೋರಾಟವೇ ಹದ್ದುಮೀರಿ ಸ್ವಂತ ಅಂಗಾಂಗಗಳನ್ನು ಕೆಡಿಸುವ ಸ್ಥಿತಿ ಅದು. ಬಿಪಿ ಬೀಳುತ್ತದೆ, ಮೂತ್ರ ನಿಲ್ಲುತ್ತದೆ, ಉಸಿರು ಏರುತ್ತದೆ, ರೋಗಿ ಮಂಕಾಗುತ್ತಾರೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಜನ ಇದರಿಂದ ಸತ್ತರು ಎಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜಿಸಿತು. ಆ ವರ್ಷದ ಐದು ಸಾವಿನಲ್ಲಿ ಒಂದು ಅದು. ಚಿಕಿತ್ಸೆ ಗಡಿಯಾರದ ಜೊತೆಗಿನ ಓಟ. ರಕ್ತವನ್ನು ಕಲ್ಚರ್‌ಗೆ ಕಳಿಸಬೇಕು, ಆಘಾತದ ಸ್ಥಿತಿಯಿದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹೋಗಬೇಕು, ಡ್ರಿಪ್ ಏರಿಸಬೇಕು, ಬಿಪಿ ಎತ್ತುವ ಔಷಧಿ ಕೊಡಬೇಕು, ಕೀವು ಕಟ್ಟಿದ್ದರೆ ತೆಗೆಯಬೇಕು. ಅಗತ್ಯ ಬಿದ್ದರೆ ವೆಂಟಿಲೇಟರ್, ಡಯಾಲಿಸಿಸ್. ಇದೆಲ್ಲ ಸರಿಯಾಗಿ ಸಾಗಬೇಕಾದರೆ ಹಾಸಿಗೆ ಪಕ್ಕದಲ್ಲಿ ಒಬ್ಬರು ಗಂಟೆ ಗಂಟೆಗೂ ನೋಡುತ್ತಿರಬೇಕು. ವೆಂಟಿಲೇಟರಿನ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬ ಮಾನದಂಡ ಇರುವುದು ಅದಕ್ಕೇ.

ಇನ್ನೊಂದು ಮುಖ ಸ್ಕುಟಾರಿಯನ್ನೇ ನೆನಪಿಸುತ್ತದೆ. ರಕ್ತನಾಳಕ್ಕೆ ಹಾಕಿದ ನಳಿಕೆ, ಮೂತ್ರದ ನಳಿಕೆ, ಗಂಟಲಿನ ಟ್ಯೂಬು ಜೀವ ಉಳಿಸುವ ಸಾಧನಗಳು. ತೊಳೆಯದ ಕೈ ಮುಟ್ಟಿದರೆ ಅವೇ ರೋಗಾಣುಗಳ ಹೆದ್ದಾರಿ. ಹೀಗೆ ಹರಡುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ತಳಿಗಳಲ್ಲಿ ಅನೇಕವು ನಮ್ಮ ಬಲವಾದ ಆ್ಯಂಟಿಬಯೋಟಿಕ್‌ಗಳಿಗೂ ಬಗ್ಗುವುದಿಲ್ಲ. ಆದರೆ ತಡೆಯಲು ಸಾಧ್ಯ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಕೈ ತೊಳೆ, ಚರ್ಮ ಶುಚಿಮಾಡು, ಬೇಡವಾದ ನಳಿಕೆ ತೆಗೆ ಎಂಬಂಥ ಐದು ಅಂಶಗಳ ಪಟ್ಟಿ ಪಾಲಿಸಿದಾಗ ರಕ್ತನಾಳದ ನಳಿಕೆಯ ಸೋಂಕು ಶೇಕಡ 66ರವರೆಗೂ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಎಣಿಕೆ ಇತ್ತು, ವೈದ್ಯರು ಒಂದು ಹೆಜ್ಜೆ ತಪ್ಪಿಸಿದರೆ ತಡೆದು ನಿಲ್ಲಿಸುವ ಅಧಿಕಾರ ನರ್ಸಿಗಿತ್ತು.

ಕೋವಿಡ್ ಕಾಲದಲ್ಲಿ ಲಂಡನ್ನಿನ ಒಂದು ಪ್ರದರ್ಶನ ಕೇಂದ್ರವನ್ನು ಕೆಲವೇ ದಿನಗಳಲ್ಲಿ ಸಾವಿರಾರು ಹಾಸಿಗೆಗಳ ಆಸ್ಪತ್ರೆಯಾಗಿಸಿ ಅದಕ್ಕೆ ನೈಟಿಂಗೇಲ್ ಹೆಸರನ್ನೇ ಇಟ್ಟರು. ಮೊದಲ ಅಲೆಯಲ್ಲಿ ಅಲ್ಲಿ ಚಿಕಿತ್ಸೆ ಪಡೆದವರು ಕೆಲವು ಹತ್ತು ಮಂದಿ ಮಾತ್ರ. ತರಬೇತಾದ ಐಸಿಯು ನರ್ಸುಗಳ ಕೊರತೆ ಅದರ ದೊಡ್ಡ ಸಮಸ್ಯೆಯಾಗಿತ್ತು. ಆಕೆಯ ಹೆಸರು ಬಳಸಿಕೊಂಡರು, ಆಕೆಯ ಪಾಠವನ್ನಲ್ಲ. ನಮ್ಮಲ್ಲೂ ಅಷ್ಟೇ. ಮಂತ್ರಿಗಳು ರಿಬ್ಬನ್ ಕತ್ತರಿಸುವುದು ಹಾಸಿಗೆಗೆ, ವೆಂಟಿಲೇಟರಿಗೆ. ಸಂಬಳದ ಪಟ್ಟಿಗೆ ಯಾರೂ ರಿಬ್ಬನ್ ಕಟ್ಟುವುದಿಲ್ಲ.

ಎಣಿಕೆಯ ಕತೆ ಇನ್ನೂ ಕಷ್ಟದ್ದು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ರೋಗಿಗಳು ಸತ್ತಾಗ, ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬುದು ಸರ್ಕಾರದ ಮೊದಲ ನಿಲುವು. 2020 ಮತ್ತು 2021ರಲ್ಲಿ ಭಾರತದಲ್ಲಿ ಕೋವಿಡ್‌ಗೆ ಸಂಬಂಧಿಸಿದ ಹೆಚ್ಚುವರಿ ಸಾವು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದಾಗ ಕೇಂದ್ರ ಸರ್ಕಾರ ಅದನ್ನು ತಳ್ಳಿಹಾಕಿತು. ನಮ್ಮ ಅಧಿಕೃತ ಲೆಕ್ಕ ಐದು ಲಕ್ಷವನ್ನೂ ಮುಟ್ಟಿರಲಿಲ್ಲ. ಅಂದಾಜಿನ ವಿಧಾನದ ಬಗ್ಗೆ ಜಗಳವಾಡಬಹುದು, ಆಡಬೇಕು ಕೂಡ. ಆದರೆ ಜಗಳವಾಡಲು ನಮ್ಮ ಕೈಯಲ್ಲಿ ನೆಟ್ಟಗಿನ ಮರಣ ದಾಖಲೆ ಇರಬೇಕಲ್ಲ?

ಹಾಗಾಗಿ ಮುಂದಿನ ಮೇ 12ಕ್ಕೆ ನನ್ನದೊಂದು ಸಲಹೆ. ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಮೂರೇ ಪ್ರಶ್ನೆ ಸಾಕು. ಐಸಿಯುನಲ್ಲಿ ರಾತ್ರಿ ಪಾಳಿಗೆ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್, ಅವರಲ್ಲಿ ಕಾಯಂ ಆದವರೆಷ್ಟು? ಕಳೆದ ಒಂದು ವರ್ಷದಲ್ಲಿ ಅಲ್ಲಿ ನಳಿಕೆ ಮತ್ತು ವೆಂಟಿಲೇಟರಿನಿಂದ ಸೋಂಕು ತಗುಲಿದವರೆಷ್ಟು, ಸತ್ತವರೆಷ್ಟು? ಈ ಲೆಕ್ಕ ಇಡುವವರು ಯಾರು? ಖಾಸಗಿ ಆಸ್ಪತ್ರೆಗಳೂ ಇದನ್ನು ಬಾಗಿಲಲ್ಲಿ ಬರೆದು ಹಾಕುವಂತೆ ಕಾನೂನು ಬರಲಿ ಎಂದು ನಿಮ್ಮ ಶಾಸಕರನ್ನು ಕೇಳಿ. ಉತ್ತರ ಬರಲಿಲ್ಲ ಅಂದರೆ, ಲೆಕ್ಕ ಇಟ್ಟಿಲ್ಲ ಎಂಬ ಉತ್ತರ ಬಂದರೆ, ಅದನ್ನೂ ಬರೆದಿಟ್ಟುಕೊಳ್ಳಿ. ನೈಟಿಂಗೇಲ್ ಕೆಲಸ ಶುರುವಾದದ್ದೂ ತಾಳೆಯಾಗದ ದಾಖಲೆಗಳಿಂದಲೇ.